ಮಲೆನಾಡಿನ ಉಪಕೇಂದ್ರದಲ್ಲಿ ಆರೋಗ್ಯ ಕಾರ್ಯಕ್ರಮ ಯೋಜಿಸುವುದು ಹೇಗೆ? ಮಂಗನ ಕಾಯಿಲೆ ತಡೆಯ ಉದಾಹರಣೆಯೊಂದಿಗೆ ಸಮಗ್ರ ಮಾರ್ಗದರ್ಶಿ

ಸಮುದಾಯ ಆರೋಗ್ಯ ಶುಶ್ರೂಷೆ ಓದಿದವರಿಗೆ ಕಾರ್ಯಕ್ರಮ ಯೋಜನೆಯ ಹಂತಗಳು ಬಾಯಿಪಾಠ. ಮಾಹಿತಿ ಕಲೆಹಾಕುವುದು, ಸಮಸ್ಯೆ ಗುರುತಿಸುವುದು, ಆದ್ಯತೆ ಕೊಡುವುದು, ಗುರಿ ಹಾಕಿಕೊಳ್ಳುವುದು, ಜಾರಿ ಮಾಡುವುದು, ಕೊನೆಗೆ ಮೌಲ್ಯಮಾಪನ. ಹಂತಗಳು ಸರಿಯಾಗಿಯೇ ಇವೆ. ಆದರೆ ಹೊಸನಗರದ ಕಡೆಯೋ ತೀರ್ಥಹಳ್ಳಿಯ ಕಡೆಯೋ ಒಂದು ಉಪಕೇಂದ್ರಕ್ಕೆ (ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಳಗಿನ ಘಟಕ) ಪೋಸ್ಟಿಂಗ್ ಆದಾಗ ಬೇರೆ ಪ್ರಶ್ನೆಗಳು ಎದುರಾಗುತ್ತವೆ. ಒಂದು ಮನೆಯಿಂದ ಇನ್ನೊಂದಕ್ಕೆ ಅರ್ಧ ಕಿಲೋಮೀಟರ್. ನಡುವೆ ಗದ್ದೆ, ಹಳ್ಳ, ಕಾಲುಸಂಕ. ಅಷ್ಟು ನಡೆದು ಹೋದರೆ ಮನೆಯವರು ತೋಟದಲ್ಲಿ. ಫೋನ್ ಮಾಡೋಣ ಅಂದರೆ ನೆಟ್‌ವರ್ಕ್ ಇಲ್ಲ.

ಹಾಗಾಗಿ ಇಲ್ಲಿ ಕಾರ್ಯಕ್ರಮವನ್ನು ಜನರ ಕೆಲಸದ ಕ್ಯಾಲೆಂಡರ್ ಮತ್ತು ಮನೆಯ ದಾರಿ, ಈ ಎರಡನ್ನು ಹಿಡಿದೇ ಕಟ್ಟಬೇಕು. ಉಳಿದದ್ದು ಆಮೇಲೆ. ಇದನ್ನು ತೋರಿಸಲು ಮಂಗನ ಕಾಯಿಲೆ ತಡೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಇದು ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರುವ ವೈರಸ್ ಜ್ವರ, ಮಂಗಗಳೂ ಇದರಿಂದ ಸಾಯುತ್ತವೆ. ಈ ಕಾಯಿಲೆ ಮೊದಲು ಪತ್ತೆಯಾಗಿದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಇಷ್ಟು ವರ್ಷ ಕಳೆದರೂ ಇದಕ್ಕೆ ನಿರ್ದಿಷ್ಟ ಔಷಧಿ ಇಲ್ಲ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲ ಎಂದು ಗೊತ್ತಾಗಿ ಅದರ ಬಳಕೆ ನಿಂತಿದೆ. ಹೊಸ ಲಸಿಕೆಯ ಕೆಲಸ ನಡೆಯುತ್ತಿದೆ. ಅಂದರೆ ಸದ್ಯಕ್ಕೆ ಜೀವ ಉಳಿಸುವುದು ಮುಂಜಾಗ್ರತೆ ಮತ್ತು ಬೇಗ ಪತ್ತೆ ಹಚ್ಚುವುದು. ಎರಡೂ ಉಪಕೇಂದ್ರದ ಮಟ್ಟದಲ್ಲಿ, ನಮ್ಮ ಕೈಯಲ್ಲೇ ಆಗಬೇಕಾದ ಕೆಲಸ.

1. ಮೊದಲು ಕ್ಯಾಲೆಂಡರ್ ಬರೆಯಿರಿ

ಒಂದು ದೊಡ್ಡ ಹಾಳೆಯಲ್ಲಿ ಹನ್ನೆರಡು ತಿಂಗಳ ಮನೆ ಹಾಕಿ. ಮೇಲಿನ ಸಾಲಿನಲ್ಲಿ ಜನರ ಕೆಲಸ, ಕೆಳಗಿನ ಸಾಲಿನಲ್ಲಿ ಕಾಯಿಲೆ.

ಜೂನ್‌ನಿಂದ ಸೆಪ್ಟೆಂಬರ್ ಮಳೆ. ಜುಲೈ, ಆಗಸ್ಟ್‌ನಲ್ಲಿ ನಾಟಿ. ಅಡಿಕೆಗೆ ಬೋರ್ಡೋ ಮಿಶ್ರಣ ಹೊಡೆಯುವುದೂ ಮಳೆಗಾಲದಲ್ಲೇ. ಈ ಹೊತ್ತಿಗೆ ಇಲಿ ಜ್ವರ, ಡೆಂಗಿ, ಹಾವು ಕಡಿತ, ನೀರಿನಿಂದ ಬರುವ ವಾಂತಿ ಭೇದಿ. ಮಳೆ ಮುಗಿದ ಮೇಲೆ ಅಡಿಕೆಯ ಕೊನೆ (ಗೊನೆ) ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು. ಆಗ ಹೆಂಗಸರು ಮಧ್ಯಾಹ್ನದಿಂದ ರಾತ್ರಿವರೆಗೂ ಮೆಟ್ಟುಗತ್ತಿಯ ಮುಂದೆ. ಅದಾದ ಮೇಲೆ ಒಣ ಎಲೆ ಉದುರುವ ಕಾಲ. ಕೊಟ್ಟಿಗೆಗೆ ದರಗು, ಒಲೆಗೆ ಸೌದೆ ಎಂದು ಕಾಡಿಗೆ, ಸೊಪ್ಪಿನ ಬೆಟ್ಟಕ್ಕೆ ಹೋಗುವವರು ಆಗಲೇ ಜಾಸ್ತಿ.

ಈಗ ಕೆಳಗಿನ ಸಾಲು ನೋಡಿ. ಮಳೆ ನಿಂತ ಮೇಲೆ ಕಾಡಿನಲ್ಲಿ ಉಣುಗಿನ ಮರಿಗಳು ಹೆಚ್ಚುತ್ತವೆ. ಮನುಷ್ಯರಿಗೆ ಹೆಚ್ಚಾಗಿ ಸೋಂಕು ತರುವುದು ಈ ಸಣ್ಣ ಮರಿಗಳೇ, ನಿಂಫ್ ಎನ್ನುವ ಹಂತದವು. ಕಣ್ಣಿಗೆ ಬೀಳುವುದೇ ಕಷ್ಟ. ಹಾಗಾಗಿ ಮಂಗನ ಕಾಯಿಲೆಯ ಕಾಲ ಸುಮಾರಾಗಿ ಡಿಸೆಂಬರ್‌ನಿಂದ ಮೇವರೆಗೆ. ಕೆಲವೊಮ್ಮೆ ನವೆಂಬರ್‌ನಲ್ಲೇ ಶುರು, ಜೂನ್‌ವರೆಗೂ ಎಳೆಯುತ್ತದೆ.

ಎರಡು ಸಾಲನ್ನೂ ಒಟ್ಟಿಗೆ ನೋಡಿದರೆ ಉತ್ತರ ಅಲ್ಲೇ ಇದೆ, ಅಲ್ವಾ? ಡಿಸೆಂಬರ್‌ನಲ್ಲಿ ಮೊದಲ ಪ್ರಕರಣ ಬಂದ ಮೇಲೆ ಓಡಾಡಿದರೆ ತಡವಾಯಿತು. ಸೆಪ್ಟೆಂಬರ್‌ನಲ್ಲಿ ಸಮೀಕ್ಷೆ, ಅಕ್ಟೋಬರ್‌ನಲ್ಲಿ ಬೇಡಿಕೆ ಮತ್ತು ಸಭೆ, ನವೆಂಬರ್‌ನಲ್ಲಿ ಮನೆ ಭೇಟಿ. ನಾಟಿ ವಾರದಲ್ಲೂ ಕೊಯ್ಲಿನ ಭರಾಟೆಯಲ್ಲೂ ಸಭೆ ಕರೆಯಬೇಡಿ, ಯಾರೂ ಬರುವುದಿಲ್ಲ. ಊರಿನ ಜಾತ್ರೆ, ಸಂತೆ ದಿನ, ಗುರುವಾರದ ಲಸಿಕೆ, ಗ್ರಾಮ ಆರೋಗ್ಯ ದಿನ ಇವೆಲ್ಲವನ್ನೂ ಅದೇ ಹಾಳೆಯಲ್ಲಿ ಗುರುತು ಹಾಕಿ.

2. ಊರಿನ ಲೆಕ್ಕ, ಊರಿನ ನಕ್ಷೆ

ಗುಡ್ಡಗಾಡು ಪ್ರದೇಶದಲ್ಲಿ ಉಪಕೇಂದ್ರವೊಂದಕ್ಕೆ 3,000 ಜನ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 20,000 ಜನ ಎಂಬುದು ಮಾನದಂಡ. ಬಯಲು ಸೀಮೆಗೆ ಇದು 5,000 ಮತ್ತು 30,000. ಸಂಖ್ಯೆ ಕಡಿಮೆ ಇದ್ದ ಮಾತ್ರಕ್ಕೆ ಕೆಲಸ ಕಡಿಮೆ ಆಗುವುದಿಲ್ಲ, ದಾರಿಯೇ ಅರ್ಧ ದಿನ ತಿನ್ನುತ್ತದೆ.

ನಕ್ಷೆಯನ್ನು ನೀವೊಬ್ಬರೇ ಕೂತು ಬರೆಯಬೇಡಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ ಮತ್ತು ಊರಿನ ಒಂದಿಬ್ಬರು ಹಿರಿಯರನ್ನು ಕೂರಿಸಿಕೊಳ್ಳಿ. ಶಾಲೆಯ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಮೊದಲು ಹಳ್ಳ ಎಳೆಯಿರಿ, ಆಮೇಲೆ ರಸ್ತೆ, ಆಮೇಲೆ ಮನೆ. ಹಳ್ಳ ಎಳೆದ ಕೂಡಲೇ ಜನ ತಾವಾಗಿಯೇ ತಿದ್ದಲು ಶುರು ಮಾಡುತ್ತಾರೆ. "ಅಲ್ಲಿ ಸಂಕ ಹೋಗಿದೆ ಮೇಡಂ, ಮಳೆಗಾಲದಲ್ಲಿ ಸುತ್ತು ಹಾಕಿ ಬರಬೇಕು" ಅನ್ನುತ್ತಾರೆ. ನಮಗೆ ಬೇಕಾದ ಮಾಹಿತಿ ಅದೇ. ಆಮೇಲೆ ಅದನ್ನು ಹಾಳೆಗೆ ಇಳಿಸಿ. ಕಾಡಂಚಿನ ಮನೆಗಳು, ಸೌದೆ ಮತ್ತು ದರಗಿಗೆ ಹೋಗುವ ಜಾಗಗಳು, ಹಿಂದೆ ಮಂಗ ಸತ್ತಿದ್ದ ಜಾಗ, ನೆಟ್‌ವರ್ಕ್ ಸಿಗುವ ದಿಬ್ಬ, ಆಂಬುಲೆನ್ಸ್ ಬರುವ ಕೊನೆಯ ಜಾಗ ಇವನ್ನೆಲ್ಲ ಬೇರೆ ಬೇರೆ ಬಣ್ಣದಲ್ಲಿ ತೋರಿಸಿ.

ನಕ್ಷೆಯನ್ನು ಪ್ರತಿ ವರ್ಷ ಹೊಸದಾಗಿ ನೋಡಬೇಕು. ಶರಾವತಿ ಹಿನ್ನೀರಿನ ಆಚೆಯ ತುಮರಿ ಭಾಗವನ್ನೇ ನೋಡಿ. ಲಾಂಚ್ ಹೊತ್ತು ನೋಡಿಕೊಂಡು ರೋಗಿಯನ್ನು ಕಳಿಸಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಾಗರಕ್ಕೆ ಹೋಗುವ ದಾರಿಯ ಲೆಕ್ಕವೇ ಬದಲಾಯಿತು.

ಮನೆ ಸಮೀಕ್ಷೆಯಲ್ಲಿ ಉದ್ದದ ನಮೂನೆ ಬೇಡ. ಮನೆಗೆ ಆರು ಪ್ರಶ್ನೆ ಸಾಕು. ಕಾಡಿಗೆ ಯಾರು ಹೋಗುತ್ತಾರೆ? ಯಾವ ಕೆಲಸಕ್ಕೆ, ಯಾವ ಕಡೆಗೆ? ಎಷ್ಟು ಹೊತ್ತಿಗೆ ಹೊರಡುತ್ತಾರೆ? ದನ ಎಷ್ಟಿವೆ, ಮೇಯಲು ಎಲ್ಲಿಗೆ ಬಿಡುತ್ತಾರೆ? ಕಳೆದ ಬೇಸಿಗೆಯಲ್ಲಿ ಯಾರಿಗಾದರೂ ಜ್ವರ ಬಂದು ಮಲಗಿದ್ದರಾ? ಜ್ವರ ಬಂದರೆ ಮೊದಲು ಎಲ್ಲಿಗೆ ಹೋಗುತ್ತಾರೆ? ಕೊನೆಯ ಪ್ರಶ್ನೆ ಬಿಡಲೇಬೇಡಿ. ಮೆಡಿಕಲ್ ಶಾಪ್, ಪೇಟೆಯ ಕ್ಲಿನಿಕ್, ನಾಟಿ ವೈದ್ಯರು, ಯಾರ ಹೆಸರು ಬಂದರೂ ಬರೆದುಕೊಳ್ಳಿ. ಮುಂದೆ ಅವರೆಲ್ಲ ನಿಮ್ಮ ಕಾರ್ಯಕ್ರಮದಲ್ಲಿ ಇರಬೇಕಾದವರು.

ತೋಟದ ಲೈನ್ ಮನೆಗಳಲ್ಲಿ ಇರುವ ಹೊರಗಿನ ಕೂಲಿಯವರು ಪಟ್ಟಿಯಿಂದ ತಪ್ಪುವುದು ಜಾಸ್ತಿ. ಅವರಿಗೆ ಇಲ್ಲಿನ ಕಾಡಿನ ಪರಿಚಯ ಇರುವುದಿಲ್ಲ, ಈ ಕಾಯಿಲೆಯ ಹೆಸರೂ ಕೇಳಿರುವುದಿಲ್ಲ. ಅವರಿಗೆ ಪ್ರತ್ಯೇಕ ಪುಟವನ್ನೇ ಇಡಿ.

3. ಆದ್ಯತೆ ಮತ್ತು ಗುರಿ

ಊರಿನಲ್ಲಿ ರಕ್ತಹೀನತೆ ಇದೆ, ಬಿಪಿ ಇದೆ, ಶುಗರ್ ಇದೆ, ಕುಡಿತ ಇದೆ. ಎಲ್ಲವನ್ನೂ ಒಂದೇ ತಿಂಗಳಲ್ಲಿ ಹಿಡಿದರೆ ಯಾವುದೂ ಆಗದು. ಎಷ್ಟು ಜನರಿಗೆ ತೊಂದರೆ, ಎಷ್ಟು ಗಂಭೀರ, ನಮ್ಮ ಕೈಯಲ್ಲಿ ತಡೆಯಲು ಆಗುತ್ತಾ, ಜನರಿಗೆ ಅದು ಬೇಕಾ ಎಂಬ ನಾಲ್ಕಕ್ಕೂ ಅಂಕ ಹಾಕಿ ನೋಡಿ. ಮಂಗನ ಕಾಯಿಲೆ ಬಂದವರ ಸಂಖ್ಯೆ ಕಡಿಮೆ ಇರಬಹುದು. ಆದರೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ, ಸಾಯುವವರು ದುಡಿಯುವ ವಯಸ್ಸಿನವರೂ ಆಗಿರುತ್ತಾರೆ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಈ ಕಾಯಿಲೆಯಿಂದ ಅನುಭವಿಸಿದ ಸಾವುನೋವನ್ನು ಈ ಜಿಲ್ಲೆಯ ಯಾರೂ ಮರೆತಿಲ್ಲ. ಕಾಡಂಚಿನ ಉಪಕೇಂದ್ರದಲ್ಲಿ ಚಳಿಗಾಲಕ್ಕೆ ಇದೇ ಮೊದಲ ಆದ್ಯತೆ ಎನ್ನುವುದು ನನ್ನ ಅಭಿಪ್ರಾಯ.

"ಜಾಗೃತಿ ಮೂಡಿಸುವುದು" ಎಂದು ಗುರಿ ಬರೆಯಬೇಡಿ. ಅದು ಆಯಿತೋ ಇಲ್ಲವೋ ಎಂದು ಯಾರಿಗೂ ಹೇಳಲು ಆಗದು. ನಿಮ್ಮ ಪಟ್ಟಿಯಲ್ಲಿ ಕಾಡಿಗೆ ಹೋಗುವವರು 220 ಜನ ಎಂದುಕೊಳ್ಳೋಣ. ಗುರಿ ಹೀಗಿರಲಿ:

- ನವೆಂಬರ್ 30ರೊಳಗೆ 220 ಜನರಲ್ಲಿ ಕನಿಷ್ಠ 200 ಜನರಿಗೆ ಡೀಪಾ ಎಣ್ಣೆ (ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ) ಕೊಟ್ಟು, ಹಚ್ಚುವ ರೀತಿಯನ್ನು ಮನೆಯಲ್ಲೇ ತೋರಿಸಿರಬೇಕು.
- ಡಿಸೆಂಬರ್‌ನಿಂದ ಮೇವರೆಗೆ ಅನುಮಾನದ ಜ್ವರ ಬಂದ ಪ್ರತಿಯೊಬ್ಬರ ರಕ್ತದ ಮಾದರಿ ಜ್ವರ ಶುರುವಾದ ಮೂರು ದಿನದೊಳಗೆ ಹೋಗಿರಬೇಕು.
- ಮಂಗ ಸತ್ತ ಸುದ್ದಿ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮುಟ್ಟಬೇಕು.

4. ಯಾರು, ಎಷ್ಟು, ಯಾವ ಹಣದಲ್ಲಿ

ಇದು ಆರೋಗ್ಯ ಇಲಾಖೆಯೊಂದರ ಕೆಲಸ ಎಂದುಕೊಂಡರೆ ಸೋಲುತ್ತೇವೆ. ಸತ್ತ ಮಂಗ ಮೊದಲು ಕಣ್ಣಿಗೆ ಬೀಳುವುದು ಅರಣ್ಯ ಇಲಾಖೆಯ ವಾಚರ್‌ಗೋ ದನ ಕಾಯುವವರಿಗೋ. ಅದರ ಮರಣೋತ್ತರ ಪರೀಕ್ಷೆ, ದನಗಳ ಉಣುಗು ನಿಯಂತ್ರಣ ಪಶು ಇಲಾಖೆಯದು. ಡಂಗುರ, ಸ್ವಚ್ಛತೆ, ಗ್ರಾಮಸಭೆ ಪಂಚಾಯಿತಿಯದು. ಅಕ್ಟೋಬರ್ ಮೊದಲ ವಾರ ಪಂಚಾಯಿತಿಯಲ್ಲಿ ಇವರೆಲ್ಲರನ್ನೂ ಒಂದು ಗಂಟೆ ಕೂರಿಸಿ. ಯಾವ ಕೆಲಸ, ಯಾರ ಹೊಣೆ, ಯಾವ ದಿನಾಂಕದೊಳಗೆ, ಅವರು ಸಿಗದಿದ್ದರೆ ಬದಲಿ ಯಾರು ಎಂಬ ನಾಲ್ಕು ಕಾಲಮ್ಮಿನ ಹಾಳೆ ತುಂಬಿಸಿ, ಎಲ್ಲರ ಸಹಿ ಹಾಕಿಸಿ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿಯ ಅವಕಾಶ ಇದೆ. ಡಂಗುರ, ಕರಪತ್ರ, ತುರ್ತು ವಾಹನದಂಥ ಖರ್ಚಿಗೆ ಸಮಿತಿಯಲ್ಲಿ ನಿರ್ಣಯ ಬರೆದು ಬಳಸಬಹುದು. ನಿರ್ಣಯ ಬರೆಯದೆ ಖರ್ಚು ಮಾಡಿದರೆ ಮಾರ್ಚ್‌ನಲ್ಲಿ ತಲೆನೋವು.

ಎಣ್ಣೆಯ ಲೆಕ್ಕವನ್ನು ಅಂದಾಜಿನಲ್ಲಿ ಬಿಡಬೇಡಿ. ನಾಲ್ಕೈದು ಮನೆಗೆ ಮೊದಲೇ ಕೊಟ್ಟು ಒಂದು ಬಾಟಲಿ ಎಷ್ಟು ದಿನ ಬರುತ್ತದೆ ನೋಡಿ. 20 ದಿನ ಬಂತು ಅನ್ನಿ. ಆರು ತಿಂಗಳು ಅಂದರೆ 180 ದಿನ, ಒಬ್ಬರಿಗೆ 9 ಬಾಟಲಿ. 220 ಜನರಿಗೆ 1,980. "ಸಾಕಷ್ಟು ಎಣ್ಣೆ ಕಳಿಸಿ" ಎಂದು ಬರೆದ ಪತ್ರಕ್ಕಿಂತ ಈ ಲೆಕ್ಕ ಹಚ್ಚಿದ ಪತ್ರಕ್ಕೆ ಬೆಲೆ ಜಾಸ್ತಿ. ಒಮ್ಮೆಲೇ ಎಲ್ಲ ಬರದಿದ್ದರೆ ಕಾಡಿಗೆ ದಿನಾ ಹೋಗುವವರಿಗೆ ಮೊದಲು, ವಾರಕ್ಕೊಮ್ಮೆ ಹೋಗುವವರಿಗೆ ಆಮೇಲೆ.

5. ಮನೆ ಭೇಟಿ: ಇಲ್ಲಿ ಸಮಯ ಕೊಡಿ

ಇಡೀ ಕಾರ್ಯಕ್ರಮದ ಜೀವ ಇರುವುದು ಇಲ್ಲೇ. ಎಣ್ಣೆ ಬಾಟಲಿ ಹಂಚಿ ಸಹಿ ಹಾಕಿಸಿಕೊಂಡು ಬರುವುದು ಸುಲಭ. ಎಷ್ಟೋ ಮನೆಗಳಲ್ಲಿ ಆ ಬಾಟಲಿ ಸೀಲ್ ಒಡೆಯದೆ ಕಿಟಕಿಯ ಮೇಲೆ ಕೂತಿರುತ್ತದೆ. ಕಾರಣ ಕೇಳಿದರೆ ಸರಳ ಉತ್ತರ ಸಿಗುತ್ತದೆ: ವಾಸನೆ ತಡೆಯೋಕೆ ಆಗಲ್ಲ, ಜಿಡ್ಡು ಅನ್ನಿಸುತ್ತೆ, ಹೊರಡುವ ಗಡಿಬಿಡಿಯಲ್ಲಿ ಮರೆತೇ ಹೋಗುತ್ತೆ.

ಮರೆವಿಗೆ ಪರಿಹಾರ ಇದೆ. ಬಾಟಲಿ ಎಲ್ಲಿ ಇಡಬೇಕು ಎಂದು ಮನೆಯವರ ಜೊತೆ ನಿಂತು ತೀರ್ಮಾನ ಮಾಡಿ. ಕತ್ತಿ ಸಿಕ್ಕಿಸುವ ಜಾಗದಲ್ಲಿ, ದರಗಿನ ಬುಟ್ಟಿ ಇಡುವ ಕಡೆ, ಕಾಡಿನ ಕೆಲಸಕ್ಕೆಂದು ಸೀರೆಯ ಮೇಲೆ ಹಾಕಿಕೊಳ್ಳುವ ಹಳೇ ಶರ್ಟು ನೇತಾಡುವ ಗೂಟದ ಪಕ್ಕ. ಕತ್ತಿಗೆ ಕೈ ಹಾಕಿದರೆ ಬಾಟಲಿ ಕಾಣಬೇಕು. ನಂತರ ಅವರ ಕೈಯಿಂದಲೇ ಹಚ್ಚಿಸಿ. ಪಾದದಿಂದ ಮಂಡಿಯ ಮೇಲಿನವರೆಗೆ, ಕೈಗೆ, ಕುತ್ತಿಗೆಗೆ. ಕಣ್ಣು, ಬಾಯಿ, ಗಾಯಕ್ಕೆ ಬೇಡ. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಬೇಕು. ಬಾಟಲಿ ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿರಲಿ.

ಕಾಡಿನಿಂದ ಬಂದ ಮೇಲೆ ಏನು? ಬಟ್ಟೆಯನ್ನು ಒಳಗೆ ತರದೆ ಬಿಸಿನೀರಿಗೆ ಹಾಕುವುದು, ಬಿಸಿನೀರು ಸೋಪಿನಲ್ಲಿ ಸ್ನಾನ. ಮಲೆನಾಡಿನ ಬಚ್ಚಲಿನಲ್ಲಿ ಹಂಡೆ ನೀರು ಹೇಗೂ ಕಾದಿರುತ್ತದೆ, ಆದ್ದರಿಂದ ಈ ಮಾತು ಬೇಗ ಒಪ್ಪಿಗೆ ಆಗುತ್ತದೆ. ಸ್ನಾನದ ಹೊತ್ತಿನಲ್ಲಿ ಮೈ ನೋಡಿಕೊಳ್ಳಬೇಕು. ಮಂಡಿಯ ಹಿಂಭಾಗ, ತೊಡೆ ಸಂದಿ, ಕಂಕುಳು, ಕಿವಿಯ ಹಿಂದೆ, ಹೆಂಗಸರಿಗೆ ಸೀರೆ ಬಿಗಿದ ಸೊಂಟದ ಸುತ್ತ. ಕಚ್ಚಿಕೊಂಡ ಉಣುಗನ್ನು ಉಗುರಿನಲ್ಲಿ ಹಿಸುಕಬಾರದು. ಬೀಡಿ ಕಿಡಿ, ಸೀಮೆಎಣ್ಣೆ ಏನೂ ಬೇಡ. ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆದು, ಜಾಗವನ್ನು ಸೋಪಿನಲ್ಲಿ ತೊಳೆಯಬೇಕು.

"ದರಗು ತರಬೇಡಿ" ಎಂದು ಹೇಳಿ ಬಂದರೆ ನಿಮ್ಮ ಮಾತು ಅಲ್ಲಿಗೇ ಮುಗಿಯಿತು. ದರಗಿಲ್ಲದೆ ಕೊಟ್ಟಿಗೆ ಇಲ್ಲ, ಗೊಬ್ಬರ ಇಲ್ಲ, ತೋಟ ಇಲ್ಲ. ಬದಲಿಗೆ ಯಾವಾಗ, ಎಲ್ಲಿಂದ ಎಂದು ಮಾತಾಡಿ. ಉಣುಗಿನ ಕಾಲ ಬಿಗಿಯಾಗುವ ಮುಂಚೆ ಎಷ್ಟು ಸಂಗ್ರಹಿಸಲು ಆಗುತ್ತದೆ? ಮಂಗ ಸತ್ತ ಕಡೆ ಬಿಟ್ಟು ಬೇರೆ ಕಡೆಯಿಂದ ತರಬಹುದಾ? ರಾಶಿಯನ್ನು ಮನೆಯ ಗೋಡೆಗೆ ಒತ್ತಿ ಹಾಕದೆ ದೂರ ಹಾಕಬಹುದಾ? ಕಾಡಿನಲ್ಲಿ ನೆಲದ ಮೇಲೆ ಕೂತು ಊಟ ಮಾಡದೆ ಬಂಡೆಯ ಮೇಲೆ ಕೂರಬಹುದಾ? ದನದಿಂದ ನೇರವಾಗಿ ಕಾಯಿಲೆ ಬರುವುದಿಲ್ಲ, ಆದರೆ ಬೆಳೆದ ಉಣುಗುಗಳಿಗೆ ದನದ ಮೈಯೇ ಆಸರೆ ಎಂಬುದನ್ನೂ ಹೇಳಿ. ಇಲ್ಲದಿದ್ದರೆ ಪಶು ವೈದ್ಯರು ಔಷಧಿ ಕೊಟ್ಟಾಗ "ನಮ್ಮ ದನಕ್ಕೇನೂ ಆಗಿಲ್ಲವಲ್ಲ" ಅನ್ನುತ್ತಾರೆ.

ಭೇಟಿಯ ಹೊತ್ತು ಬೆಳಿಗ್ಗೆ ಏಳರ ಆಸುಪಾಸು ಅಥವಾ ಸಂಜೆ. ಹತ್ತು ಗಂಟೆಗೆ ಹೋದರೆ ಮನೆಯಲ್ಲಿ ಅಜ್ಜಿ ಮತ್ತು ನಾಯಿ ಮಾತ್ರ. ಗುಂಪಿಗೆ ಹೇಳಲು ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಸ್ತ್ರೀಶಕ್ತಿ ಸಂಘದ ಸಭೆ ಒಳ್ಳೆಯ ಜಾಗ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಚಪ್ಪರವೂ ಆಗುತ್ತದೆ. ಅವರ ಕೈ ಕೆಲಸ ಮಾಡುತ್ತಿರುತ್ತದೆ, ಕಿವಿ ಖಾಲಿ ಇರುತ್ತದೆ. ಹತ್ತು ನಿಮಿಷ ಕೂತು ಮಾತಾಡಿ.

6. ಜ್ವರದ ಮೇಲೆ ಕಣ್ಣು

ಡಿಸೆಂಬರ್‌ನಿಂದ ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಕಾಡಂಚಿನ ಪ್ರತಿ ಮನೆಯಲ್ಲೂ ಜ್ವರ ಕೇಳಬೇಕು. ಉಣುಗು ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಲಕ್ಷಣ ಶುರುವಾಗುತ್ತದೆ. ಇದ್ದಕ್ಕಿದ್ದಂತೆ ಚಳಿ ಜ್ವರ, ಜೋರು ತಲೆನೋವು, ಸೊಂಟ ಕೈಕಾಲು ಮುರಿದಂತೆ ನೋವು, ವಾಂತಿ, ಕಣ್ಣು ಕೆಂಪು. ಕೆಲವರಿಗೆ ಒಸಡು, ಮೂಗಿನಲ್ಲಿ ರಕ್ತ. ಕಾಡಿಗೆ ಹೋಗಿ ಬಂದವರಿಗೆ ಇಂಥ ಜ್ವರ ಬಂದರೆ "ನಾಳೆ ನೋಡೋಣ" ಎನ್ನುವ ಮಾತೇ ಬೇಡ.

ಮಾದರಿ ಬೇಗ ತೆಗೆಯುವುದಕ್ಕೆ ಕಾರಣ ಇದೆ. ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ ಇರುತ್ತದೆ, ಆರ್‌ಟಿ-ಪಿಸಿಆರ್‌ನಲ್ಲಿ ಸಿಗುತ್ತದೆ. ತಡವಾದಂತೆ ಅದು ಸಿಗುವ ಸಾಧ್ಯತೆ ಇಳಿಯುತ್ತದೆ. ಮಾದರಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಕಳಿಸಬೇಕು. ಐಸ್‌ಪ್ಯಾಕ್ ಎಲ್ಲಿ, ಯಾವ ವಾಹನ, ಭಾನುವಾರ ಆದರೆ ಯಾರು ಒಯ್ಯುತ್ತಾರೆ ಎಂಬುದನ್ನು ನವೆಂಬರ್‌ನಲ್ಲೇ ಗೋಡೆಯ ಮೇಲೆ ಬರೆದು ಹಾಕಿ.

ಊರಿನ ಮೆಡಿಕಲ್ ಶಾಪ್‌ನವರಿಗೆ, ಖಾಸಗಿ ಕ್ಲಿನಿಕ್‌ಗೆ ನೀವೇ ಹೋಗಿ ಎರಡು ಮಾತು ಹೇಳಿ ಬನ್ನಿ. ಕಾಡಿಗೆ ಹೋದವರಿಗೆ ಜ್ವರ ಎಂದರೆ ನಮಗೆ ತಿಳಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಸಾಕು, ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಬೇಡಿ, ರಕ್ತಸ್ರಾವದ ಅಪಾಯ ಇದೆ.

ರಕ್ತ ಕಾಣಿಸಿಕೊಂಡರೆ, ವಾಂತಿ ನಿಲ್ಲದಿದ್ದರೆ, ಬಿಪಿ ಇಳಿದರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ ತಾಲ್ಲೂಕು ಆಸ್ಪತ್ರೆಗೆ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಆಗಬೇಕು. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಜೀಪು ಇರುವ ಇಬ್ಬರನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಿ.

ಗುಣವಾಗಿ ಮನೆಗೆ ಬಂದವರನ್ನೂ ಬಿಡಬೇಡಿ. ನೂರರಲ್ಲಿ ಹತ್ತಿಪ್ಪತ್ತು ಜನರಿಗೆ ಮೂರನೇ ವಾರದ ಹೊತ್ತಿಗೆ ಮತ್ತೆ ಜ್ವರ ಮರುಕಳಿಸುತ್ತದೆ. ಆಗ ತಲೆನೋವು, ಕೈ ನಡುಕ, ದೃಷ್ಟಿ ಮಂಜು, ಗೊಂದಲ ಕಾಣಬಹುದು. ಒಂದು ತಿಂಗಳವರೆಗೆ ಭೇಟಿಯ ದಿನಗಳನ್ನು ರಿಜಿಸ್ಟರ್‌ನಲ್ಲಿ ಮೊದಲೇ ಬರೆದುಕೊಳ್ಳಿ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಎಂದು ಅಕ್ಕಪಕ್ಕದ ಮನೆಗೂ ಹೇಳಿ. ಹೆದರಿ ದೂರ ಇಟ್ಟರೆ ಮುಂದಿನ ಮನೆಯವರು ಜ್ವರವನ್ನೇ ಮುಚ್ಚಿಡುತ್ತಾರೆ. ಕೂಲಿ ತಪ್ಪುತ್ತದೆ ಎಂದು ಮುಚ್ಚಿಡುವವರೂ ಇದ್ದಾರೆ. ಅವರ ಮೇಲೆ ರೇಗಬೇಡಿ. ತೋಟದ ಯಜಮಾನರ ಜೊತೆ ಮಾತಾಡಿ.

7. ಮಂಗ ಸತ್ತರೆ

ಸತ್ತ ಮಂಗ ಅಥವಾ ಮುಸುವ ಕಂಡರೆ ಮುಟ್ಟಬಾರದು, ಹತ್ತಿರ ಹೋಗಬಾರದು. ಸತ್ತ ಮೈಯಿಂದ ಉಣುಗುಗಳು ಇಳಿದು ಸುತ್ತಲಿನ ನೆಲಕ್ಕೆ ಹರಡುತ್ತವೆ. ಸುದ್ದಿ ಕೊಡಬೇಕಾದ ಮೂರು ಫೋನ್ ನಂಬರ್ ಡೇರಿಯ ಗೋಡೆಯ ಮೇಲೆ ಇರಲಿ. ಸುತ್ತ 50 ಮೀಟರ್ ಮೆಲಾಥಿಯಾನ್ ಪುಡಿ ಹಾಕುವುದು, ದೇಹ ಸುಡುವುದು ಇಲಾಖೆಗಳ ಕೆಲಸ. ನಿಮ್ಮ ಕೆಲಸ ಅದೇ ದಿನ ಆ ಜಾಗಕ್ಕೆ ಹೋಗುವ ಮನೆಗಳಿಗೆಲ್ಲ ತಿಳಿಸುವುದು, ಜ್ವರದ ಭೇಟಿಯನ್ನು ಅಲ್ಲಿ ವಾರಕ್ಕೊಂದರಿಂದ ಹೆಚ್ಚಿಸುವುದು, ನಕ್ಷೆಯಲ್ಲಿ ದಿನಾಂಕದ ಜೊತೆ ಗುರುತು ಹಾಕುವುದು.

8. ಶಿಬಿರ ಮಾಡುವುದಿದ್ದರೆ

ಹೇಗೂ ಮನೆ ಮನೆಗೆ ಹೋಗಿರುತ್ತೀರಿ, ಅದರ ಜೊತೆ 30 ದಾಟಿದವರ ಬಿಪಿ, ಶುಗರ್ ತಪಾಸಣಾ ಶಿಬಿರವನ್ನೂ ಸೇರಿಸಬಹುದು. ಜಾಗ ಬಸ್ ನಿಲ್ಲುವ ಕಡೆ ಇರಲಿ, ನೆರಳು, ನೀರು, ಹೆಂಗಸರಿಗೆ ಮರೆ ಇರಲಿ. ಗುಡ್ಡ ಹತ್ತಿ ಬಂದವರಿಗೆ, ಕವಳ ಹಾಕಿ ಬಂದವರಿಗೆ, ಚಹಾ ಕುಡಿದು ಬಂದವರಿಗೆ ಕೂಡಲೇ ಬಿಪಿ ನೋಡಬೇಡಿ. ಅರ್ಧ ಗಂಟೆ ಬಿಡಿ, ಕೊನೆಯ ಐದು ನಿಮಿಷ ಬೆನ್ನು ಒರಗಿಸಿ ಸುಮ್ನೆ ಕೂರಿಸಿ, ಎರಡು ಸಲ ನೋಡಿ. 140/90 ಅಥವಾ ಮೇಲೆ ಬಂದವರ ಹೆಸರು ಅಲ್ಲೇ ಬೇರೆ ಪುಟಕ್ಕೆ ಹೋಗಲಿ. ಮತ್ತೆ ಯಾವ ದಿನ ನೋಡುವುದು, ಮಾತ್ರೆ ಎಲ್ಲಿ ಸಿಗುತ್ತದೆ ಎಂಬುದು ಗೊತ್ತಿಲ್ಲದೆ ಶಿಬಿರ ಮಾಡುವುದೇ ಬೇಡ.

9. ಕೆಲಸ ಆಯಿತಾ? ನೋಡುವ ಬಗೆ

ಹಂಚಿದ ಬಾಟಲಿಯ ಸಂಖ್ಯೆ ವರದಿಗೆ ಬೇಕು, ಬರೆಯಿರಿ. ನಿಮಗಾಗಿ ಬೇರೆ ಮೂರು ಲೆಕ್ಕ ಇಡಿ. ತಿಂಗಳಿಗೊಮ್ಮೆ ಹೇಳದೆ ಬೆಳಿಗ್ಗೆ ಹತ್ತು ಮನೆಗೆ ಹೋಗಿ, ಬಾಟಲಿ ತೋರಿಸಲು ಹೇಳಿ. ಎಷ್ಟು ಮನೆಯಲ್ಲಿ ಎಣ್ಣೆ ಇಳಿದಿದೆ? ಎರಡನೆಯದು, ಜ್ವರ ಶುರುವಾದ ದಿನದಿಂದ ಮಾದರಿ ತೆಗೆದ ದಿನಕ್ಕೆ ಎಷ್ಟು ಅಂತರ? ಮೂರನೆಯದು, ಮಂಗ ಸತ್ತದ್ದು ಕಂಡ ಹೊತ್ತಿನಿಂದ ಸುದ್ದಿ ಮುಟ್ಟಿದ ಹೊತ್ತಿಗೆ ಎಷ್ಟು? ಅಂತರ ಹೆಚ್ಚಾದ ಕಡೆ ಹೋಗಿ ಕಾರಣ ಕೇಳಿ, ಮುಂದಿನ ವಾರದ ಯೋಜನೆಯನ್ನೇ ಬದಲಾಯಿಸಿ. ಸೀಸನ್ ಮುಗಿಯುವವರೆಗೆ ಕಾದರೆ ಆ ವರ್ಷದ ಜನರಿಗೆ ಅದರಿಂದ ಉಪಯೋಗ ಇಲ್ಲ.

ಜೂನ್‌ನಲ್ಲಿ ಮಳೆ ಹಿಡಿಯುವ ಮುಂಚೆ ಅದೇ ಪಂಚಾಯಿತಿಯಲ್ಲಿ ಅದೇ ಜನರನ್ನು ಮತ್ತೆ ಕೂರಿಸಿ. ಮೂರು ಗುರಿಗಳ ಎದುರು ಆದದ್ದು, ಆಗದ್ದು ಬರೆಯಿರಿ. ಎಣ್ಣೆ ಯಾವ ತಿಂಗಳು ಖಾಲಿ ಆಯಿತು, ಯಾವ ಮನೆಗಳು ಪಟ್ಟಿಯಲ್ಲಿ ತಪ್ಪಿದ್ದವು, ಯಾವ ಫೋನ್ ನಂಬರ್ ಬದಲಾಯಿತು ಎಲ್ಲವೂ ಬರಲಿ. ನಿಮಗೆ ವರ್ಗಾವಣೆ ಆಗಬಹುದು. ಆದ್ದರಿಂದ ನಕ್ಷೆ, ಕಾಡಿಗೆ ಹೋಗುವವರ ಪಟ್ಟಿ, ಲೈನ್ ಮನೆಗಳ ಪುಟ, ಜೀಪಿನವರ ಹೆಸರು, ಮುಂದಿನ ಅಕ್ಟೋಬರ್‌ನ ಎಣ್ಣೆ ಬೇಡಿಕೆ ಪತ್ರದ ಕರಡು, ಇಷ್ಟನ್ನೂ ಒಂದೇ ಫೈಲಿಗೆ ಹಾಕಿ, ಒಂದು ಪ್ರತಿ ಉಪಕೇಂದ್ರದಲ್ಲಿ, ಇನ್ನೊಂದು ಪ್ರತಿ ಆಶಾ ಕಾರ್ಯಕರ್ತೆಯ ಹತ್ತಿರ ಇಡಿ.